ಕಣ್ಣೆವೆ ಮಗುಚಿದಾಗ

ಚಳ್ಳಕೆರೆಗೆ ಹೋಗಿದ್ದೆ. ಮಾವನ ಕುರಿ ರೊಪ್ಪದಲ್ಲಿ ಒಂದು ಮರಿ ಮೂಲೆ ಹಿಡಿದು ನಿಂತಿತ್ತು. ಗದ್ದದ ಕೆಳಗೆ ನೀರು ತುಂಬಿದ ಊತ. ಕೆಳಗಿನ ಕಣ್ಣೆವೆ ಮಗುಚಿದರೆ ಒಳಗೆ ಕೆಂಪೇ ಇಲ್ಲ, ಸುಣ್ಣದಂಥ ಬಿಳುಪು. "ಜಂತು ಕಣಪ್ಪ, ಮಳೆ ಬಿದ್ದ ಮೇಲೆ ಹಿಂಗೇ. ಔಷಧಿ ಕುಡಿಸೀನಿ" ಅಂದರು ಮಾವ.

ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹುಳ, ಹೀಮಾಂಕಸ್. ಒಂದು ಹುಳಕ್ಕೆ ದಿನಕ್ಕೆ ಸುಮಾರು 0.05 ಮಿಲಿ. ಕಮ್ಮಿ ಅನ್ನಿಸುತ್ತೆ ಅಲ್ವಾ? ಸಾವಿರ ಹುಳ ಇದ್ದರೆ 50 ಮಿಲಿ!

ಬ್ಯಾಕ್ಟೀರಿಯಾ ಆಗಿದ್ದರೆ ಬಿಳಿ ರಕ್ತಕಣ ನುಂಗಿಬಿಡುತ್ತಿತ್ತು. ಇದು ಸುಮಾರು 2 ಸೆಂ.ಮೀ. ಉದ್ದದ್ದು, ಎಲ್ಲಿ ನುಂಗೋದು? ಅದಕ್ಕೇ ಇಯೊಸಿನೊಫಿಲ್ ಅನ್ನೋ ಕಣಗಳು ಎಳೆಹುಳವನ್ನು ಮುತ್ತಿಕೊಂಡು ಅದರ ಮೈಮೇಲೆ ವಿಷ ಸುರಿಯುತ್ತವೆ. ಮರಿಗಳಿಗೆ ಈ ಪಟ್ಟು ಇನ್ನೂ ಸರಿಯಾಗಿ ಬಂದಿರೋದಿಲ್ಲ.

ಪಕ್ಕದಲ್ಲೇ ಅದರ ತಾಯಿ. ಅದೇ ಹುಲ್ಲು ಮೇಯ್ದು, ಆರಾಮಾಗಿ ಮೆಲುಕು ಹಾಕುತ್ತಿತ್ತು.