ಮೇಲೆ ಮಾತ್ರ ನೀಲಿ

ವಿಷಾನಿಲವನ್ನು ಹೊರಗೆಳೆಯುವ ಪ್ರಯೋಗಾಲಯದ ಗೂಡು, ಫ್ಯೂಮ್ ಹುಡ್‌ನ ಗಾಜಿನ ಹಿಂದೆ ಎರಡು ಬೀಕರ್‌ಗಳನ್ನು ಇಟ್ಟಿದ್ದೆ. ಒಂದರಲ್ಲಿ ಪೊಟ್ಯಾಸಿಯಂ ಅಯೊಡೈಡ್, ಲೀಟರಿಗೆ 0.1 ಮೋಲ್. ಇನ್ನೊಂದರಲ್ಲಿ ಅಡುಗೆ ಉಪ್ಪಿನ ಗಾಢ ದ್ರಾವಣ. ಎರಡಕ್ಕೂ ಸ್ವಲ್ಪ ಪಿಷ್ಟದ ಗಂಜಿ ಬೆರೆಸಿದ್ದೆ. ಓಝೋನ್ ಅನಿಲ ತಾಗಿ ಅಯೊಡೈಡ್‌ನಿಂದ ಅಯೊಡಿನ್ ಹುಟ್ಟಿದರೆ ಪಿಷ್ಟ ನೀಲಿಯಾಗುತ್ತದೆ. 1840ರಲ್ಲಿ ಓಝೋನ್‌ಗೆ ಆ ಹೆಸರಿಟ್ಟ ರಸಾಯನಶಾಸ್ತ್ರಜ್ಞ ಷೋನ್‌ಬೈನ್ ಕೂಡ ಗಾಳಿಯಲ್ಲಿ ಅದನ್ನು ಗುರುತಿಸಲು ಇದೇ ಅಯೊಡೈಡ್ ಮತ್ತು ಪಿಷ್ಟವನ್ನು ಕಾಗದಕ್ಕೆ ಸವರುತ್ತಿದ್ದ.

ಓಝೋನ್ ಕೊಳವೆಯನ್ನು ದ್ರಾವಣದೊಳಗೆ ಇಳಿಸಲು ಹೋದಾಗ ಮೇಡಂ ತಡೆದರು. “ಮುಳುಗಿಸಬೇಡ. ಮೇಲೆ ಮೆಲ್ಲಗೆ ಹಾಯಿಸು. ಎಲ್ಲಿ ಶುರುವಾಗುತ್ತದೆ ನೋಡು.”

ಬೀಕರಿನ ಮಟ್ಟಕ್ಕೆ ಕಣ್ಣಿಟ್ಟು ಬಗ್ಗಿದೆ. ನೀರಿನ ನೆತ್ತಿಯ ಮೇಲೆ ಹಾಲಿನ ಕೆನೆಯಂತೆ ಒಂದು ನೀಲಿ ಪೊರೆ ಮೂಡಿತು. ಅದರ ಕೆಳಗೆ ದ್ರಾವಣವೆಲ್ಲ ತಿಳಿಯಾಗಿಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಪೊರೆಯಿಂದ ನೀಲಿ ಎಳೆಗಳು ಒಂದೊಂದಾಗಿ ಬಾಗುತ್ತಾ ತಳಕ್ಕೆ ಇಳಿಯತೊಡಗಿದವು. ಉಪ್ಪಿನ ಬೀಕರ್ ಮಾತ್ರ ಹೇಗಿತ್ತೋ ಹಾಗೇ ಇತ್ತು.

ಆ ಪೊರೆಯನ್ನು ನಾನು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಅಯೊಡೈಡ್ ಮತ್ತು ಓಝೋನ್ ಎದುರಾದರೆ ತಡವೆಂಬುದೇ ಇಲ್ಲ. ಅಷ್ಟು ಅಯೊಡೈಡ್ ಇರುವ ನೀರಿನಲ್ಲಿ ಓಝೋನ್ ಅಣು ಕೆಲವೇ ನ್ಯಾನೋಮೀಟರ್ ಇಳಿಯುವುದರೊಳಗೆ ಮುಗಿದುಹೋಗುತ್ತದೆ. ಅಡುಗೆ ಉಪ್ಪಿನಲ್ಲಿರುವ ಕ್ಲೋರೈಡ್ ಅದನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ.

ಆದರೆ ನನ್ನನ್ನು ಕಾಡಿದ್ದು ಬೇರೆ. ಉಪ್ಪು ಕರಗಿದರೆ ನೀರಿನ ಮೇಲ್ಮೈ ಎಳೆತ ಹೆಚ್ಚುತ್ತದೆ, ಆದ್ದರಿಂದ ಅಯಾನುಗಳು, ಅಂದರೆ ಕರಗಿದ ಉಪ್ಪಿನ ವಿದ್ಯುದಾವೇಶದ ಕಣಗಳು, ಮೇಲ್ಮೈಯಿಂದ ದೂರ ಸರಿಯುತ್ತವೆ ಎಂದು ನಾನು ಓದಿದ್ದೆ. ಹಾಗಿದ್ದರೆ ಅನಿಲವನ್ನು ಹೊಸ್ತಿಲಲ್ಲೇ ಎದುರುಗೊಳ್ಳುವವರು ಯಾರು? ಮೇಡಂ ಕಾಗದದ ಮೇಲೆ ಎರಡು ವೃತ್ತ ಬರೆದರು. ಚಿಕ್ಕದು ಫ್ಲೋರೈಡ್: ನೀರಿನ ಅಣುಗಳು ಅದನ್ನು ಬಿಗಿಯಾಗಿ ಸುತ್ತುವರಿದು ಒಳಗೇ ಇಟ್ಟುಕೊಳ್ಳುತ್ತವೆ. ದೊಡ್ಡದು ಅಯೊಡೈಡ್: ಅದರ ಎಲೆಕ್ಟ್ರಾನ್ ಮೋಡ ಸುಲಭವಾಗಿ ವಾಲುತ್ತದೆ, ಹಾಗಾಗಿ ಅರ್ಧ ನೀರು ಅರ್ಧ ಗಾಳಿಯ ಆ ಅಂಚಿನಲ್ಲೂ ಅದು ನಿಲ್ಲಬಲ್ಲದು. 2000ದ ಆಸುಪಾಸಿನ ಕಂಪ್ಯೂಟರ್ ಅನುಕರಣೆಗಳು ಹೀಗೆ ತೋರಿಸಿದ ಮೇಲೆ ಹಳೆಯ ಚಿತ್ರವನ್ನು ತಿದ್ದಬೇಕಾಯಿತಂತೆ.

ಸಮುದ್ರದ ನೀರಿನಲ್ಲಿ ಅಯೊಡೈಡ್‌ಗಿಂತ ಕ್ಲೋರೈಡ್ ಲಕ್ಷಾಂತರ ಪಟ್ಟು ಹೆಚ್ಚು. ಆದರೂ ಕಡಲ ಮೇಲಿನ ಓಝೋನ್ ನೀರಿಗೆ ಸೇರುವಾಗ ಅದನ್ನು ಕಬಳಿಸುವುದರಲ್ಲಿ ಆ ಚೂರು ಅಯೊಡೈಡ್‌ನ ಪಾಲು ದೊಡ್ಡದು, ಗಾಳಿಗೆ ಅಯೊಡಿನ್ ಹೊರಡುವುದೂ ಅಲ್ಲಿಂದಲೇ. ಇದನ್ನು ಕೇಳಿದಾಗ ಸುಮ್ಮನೆ ಕೂರಲಾಗಲಿಲ್ಲ.

ಅಯೊಡೈಡ್ ದ್ರಾವಣವನ್ನು ಇನ್ನಷ್ಟು ತೆಳು ಮಾಡಿ, ಒಂದೇ ಒಂದು ಹನಿಯನ್ನು ಉಪ್ಪಿನ ಬೀಕರಿನ ಅಂಚಿನಿಂದ ಜಾರಿಸಿದೆ. ಗಾಢ ಉಪ್ಪುನೀರಿಗಿಂತ ಹಗುರವಾದ ಹನಿ ಮುಳುಗದೆ ಹರಡಿಕೊಂಡಿತು. ಕೊಳವೆಯನ್ನು ಅದರ ಮೇಲೆ ತಂದೆ. ಅಷ್ಟು ಹೊತ್ತು ಬಣ್ಣವಿಲ್ಲದೆ ಇದ್ದ ಆ ನೀರಿನ ಮೇಲೆ, ಹನಿ ಹಬ್ಬಿದಷ್ಟೇ ಜಾಗದಲ್ಲಿ, ಹರಿದ ಅಂಚಿನ ಒಂದು ನೀಲಿ ಎಲೆ ತೇಲತೊಡಗಿತು.