ಅಡಾಪ್ಟರ್ ಮೇಲಿನ ಹಳೆಯ 200-500, ಝಡ್ ಮೌಂಟಿನ 180-600: ನಮ್ಮ ಬಿಸಿಲು ಧೂಳಿಗೆ ಯಾವುದು?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಹಕ್ಕಿ, ಕರಡಿ, ನೀರುನಾಯಿ ಅಂತ ಕ್ಯಾಮೆರಾ ಹಿಡಿದು ಓಡಾಡುವ ಬಹಳ ಜನರ ಬ್ಯಾಗಿನಲ್ಲಿ ನಿಕಾನ್ 200-500 ಎಂಎಂ ಎಫ್ 5.6 ಲೆನ್ಸ್ (ಎಫ್ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು) ಇದೆ. 2015ರಲ್ಲಿ ಬಂದ ಇದು ಕೈಗೆಟುಕುವ ಬೆಲೆಗೆ 500 ಎಂಎಂ ಕೊಟ್ಟಿತು. ಡಿ500, ಡಿ7200ರಂಥ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಮಾರಿ, ಕನ್ನಡಿ ಇಲ್ಲದ ಮಿರರ್‌ಲೆಸ್ ಝಡ್ ಬಾಡಿ ಕೊಂಡವರಲ್ಲೂ ಎಷ್ಟೋ ಜನ ಇದನ್ನು ಕೈಬಿಟ್ಟಿಲ್ಲ. ನಡುವೆ ಎಫ್‌ಟಿಝಡ್ ಅಡಾಪ್ಟರ್ (ಎಫ್ ಮೌಂಟ್ ಎಂಬ ಹಳೆಯ ಜೋಡಣೆಯ ಲೆನ್ಸನ್ನು ಝಡ್ ಬಾಡಿಗೆ ಕೂರಿಸುವ ಬಳೆ) ಹಾಕಿ ನಡೆಸುತ್ತಿದ್ದಾರೆ. 2023ರ ಜೂನ್‌ನಲ್ಲಿ ನಿಕಾನ್ ಝಡ್ ಮೌಂಟಿಗೆಂದೇ 180-600 ಎಂಎಂ ಎಫ್ 5.6-6.3 ಘೋಷಿಸಿದ ಮೇಲೆ ಅವರೆಲ್ಲರ ಪ್ರಶ್ನೆ ಒಂದೇ: ಹಳೆಯದನ್ನು ಕೊಟ್ಟು ಮೇಲೆ ದುಡ್ಡು ಹಾಕಬೇಕೇ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಶಾರ್ಪ್‌ನೆಸ್‌ಗೋಸ್ಕರ ಬದಲಿಸಬೇಡಿ. ಫೋಕಸ್ ವೇಗಕ್ಕೆ, ಝೂಮ್ ರಿಂಗಿಗೆ, ನಮ್ಮ ಧೂಳಿಗೆ ಹೆದರಿ ಬದಲಿಸುವುದಾದರೆ ಕೊಟ್ಟ ದುಡ್ಡಿಗೆ ಅರ್ಥ ಇದೆ.

ಮೊದಲು ಅಡಾಪ್ಟರ್ ವಿಷಯ. ಎಫ್‌ಟಿಝಡ್ ಒಳಗೆ ಗಾಜಿಲ್ಲ. ಹಳೆಯ ಎಫ್ ಮೌಂಟಿನಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವೆ 46.5 ಎಂಎಂ ಅಂತರ, ಝಡ್‌ನಲ್ಲಿ 16 ಎಂಎಂ, ಆ 30.5 ಎಂಎಂ ವ್ಯತ್ಯಾಸ ತುಂಬುವ ಬಳೆ ಇದು, ಜೊತೆಗೆ ಸಂಪರ್ಕದ ಪಿನ್ನುಗಳು. ಗಾಜಿಲ್ಲದ ಕಾರಣ ಚಿತ್ರದ ಗುಣಮಟ್ಟ ಇದರಿಂದ ಕೆಡುವುದಿಲ್ಲ. ಆದರೆ ಇದರಲ್ಲಿ ಫೋಕಸ್ ಮೋಟರ್ ಕೂಡ ಇಲ್ಲ. ಹಾಗಾಗಿ ಒಳಗೇ ಮೋಟರ್ ಇರುವ ಎಎಫ್-ಎಸ್ ಥರದ ಲೆನ್ಸುಗಳು ಮಾತ್ರ ಆಟೊಫೋಕಸ್ ಮಾಡುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು 2000ದಲ್ಲಿ ಬಂದ ಹಳೆಯ 80-400 ಡಿ ಲೆನ್ಸ್ ಕೊಂಡರೆ ಝಡ್ ಬಾಡಿಯಲ್ಲಿ ಕೈಯಿಂದಲೇ ಫೋಕಸ್ ತಿರುಗಿಸಬೇಕು. 2013ರ ಎಎಫ್-ಎಸ್ 80-400 ಆದರೆ ತೊಂದರೆ ಇಲ್ಲ. ಸಿಗ್ಮಾ, ಟ್ಯಾಮ್ರಾನ್ 150-600 ಇರುವವರು ಎಫ್‌ಟಿಝಡ್‌ಗೆ ಹಾಕುವ ಮುಂಚೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿಸಿಕೊಳ್ಳಿ. ಅದಕ್ಕೆ ಸಿಗ್ಮಾದ ಯುಎಸ್‌ಬಿ ಡಾಕ್, ಟ್ಯಾಮ್ರಾನ್ ಜಿ2ಗೆ ಟ್ಯಾಪ್-ಇನ್ ಕನ್ಸೋಲ್ ಬೇಕು.

ತೂಕದಲ್ಲಿ ಅಂಥ ಅಂತರವಿಲ್ಲ. 200-500 ಕಾಲರ್ (ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಸುತ್ತುಬಳೆ) ಸಮೇತ 2300 ಗ್ರಾಂ, ಅಡಾಪ್ಟರಿನ ಎರಡನೇ ಆವೃತ್ತಿ ಎಫ್‌ಟಿಝಡ್ 2 ಸೇರಿದರೆ 2425. 180-600 ಕಾಲರ್ ಸಮೇತ 2140, ಕಾಲರ್ ಬಿಟ್ಟರೆ 1955. ಹೊಸದು ಮುನ್ನೂರು ಗ್ರಾಂಗೆ ಸ್ವಲ್ಪ ಕಮ್ಮಿ ಹಗುರ, ಅಷ್ಟೇ. ಉದ್ದ ನೋಡಿದರೆ ಹಳೆಯದು ಅಡಾಪ್ಟರ್ ಸೇರಿ 200 ಎಂಎಂನಲ್ಲಿ ಸುಮಾರು 298 ಎಂಎಂ, ಹೊಸದು 315.5 ಎಂಎಂ. ಹಳೆಯದರ ಬ್ಯಾಗೇ ಹೊಸದಕ್ಕೂ ಸಾಕಾಗುತ್ತದೆ ಅಂದುಕೊಳ್ಳಬೇಡಿ, ಒಮ್ಮೆ ಅಳತೆ ಹಿಡಿದು ನೋಡಿ.

ಕೈಗೆ ಗೊತ್ತಾಗುವ ದೊಡ್ಡ ವ್ಯತ್ಯಾಸ ಝೂಮ್‌ನಲ್ಲಿದೆ. ಹಳೆಯದರ ನಳಿಗೆ ಝೂಮ್ ಮಾಡಿದಂತೆ ಮುಂದಕ್ಕೆ ಬರುತ್ತದೆ, ಮುಂಭಾಗದ ಭಾರವಾದ ಗಾಜೂ ಅದರ ಜೊತೆ ಮುಂದೆ ಹೋಗುತ್ತದೆ. ಗಿಂಬಲ್ ಹೆಡ್ (ಭಾರದ ಲೆನ್ಸನ್ನು ತೂಗಿಸಿ ತಿರುಗಿಸುವ ಟ್ರೈಪಾಡ್ ತಲೆ) ಮೇಲೆ 200ರಲ್ಲಿ ಸಮತೋಲ ಮಾಡಿಟ್ಟರೆ 500ಕ್ಕೆ ಹೋದಾಗ ಮೂತಿ ಕೆಳಗೆ ಬೀಳುತ್ತದೆ. 200ರಿಂದ 500ಕ್ಕೆ ಹೋಗಲು ಒಂದು ತಿರುವು ಸಾಲದು, ನಡುವೆ ಕೈ ಬಿಟ್ಟು ಮತ್ತೆ ಹಿಡಿಯಬೇಕು. 180-600ರಲ್ಲಿ ಹೊರಗೆ ಏನೂ ಚಲಿಸುವುದಿಲ್ಲ, ರಿಂಗ್ 70 ಡಿಗ್ರಿ ತಿರುಗಿದರೆ ಮುಗಿಯಿತು, ಎರಡು ಬೆರಳು ಸಾಕು. ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯ ನೀರುನಾಯಿ ಸಂರಕ್ಷಣಾ ಪ್ರದೇಶದಲ್ಲಿ ನೀರುನಾಯಿ ಒಂದು ಕಡೆ ಮುಳುಗಿ ಇನ್ನೊಂದು ಕಡೆ ಏಳುತ್ತದೆ. 200ಕ್ಕೆ ಬಂದು ಹುಡುಕಿ, ಸಿಕ್ಕ ಕೂಡಲೇ 600ಕ್ಕೆ ಹೋಗುವ ಆ ಕೆಲಸದಲ್ಲಿ ಹೊಸ ಲೆನ್ಸಿನ ಬೆಲೆ ತಿಳಿಯುತ್ತದೆ.

ಈಗ ಎಲ್ಲರೂ ಕೇಳುವ ಮಾತು: "ಎಫ್ 6.3 ಅಂದರೆ ಕತ್ತಲೆ ಲೆನ್ಸ್ ಅಲ್ಲವಾ?" ಲೆಕ್ಕ ಹಾಕಿ ನೋಡೋಣ. 500ನ್ನು 5.6ರಿಂದ ಭಾಗಿಸಿದರೆ ಸುಮಾರು 89, 600ನ್ನು 6.3ರಿಂದ ಭಾಗಿಸಿದರೆ ಸುಮಾರು 95. ಬೆಳಕು ಒಳಗೆ ಬರುವ ಕಿಂಡಿಯ ವ್ಯಾಸ ಇದು, ಎಂಎಂ ಲೆಕ್ಕದಲ್ಲಿ. ಅಂದರೆ ಒಂದೇ ಜಾಗದಲ್ಲಿ ನಿಂತು ದೂರದ ಹಕ್ಕಿಯನ್ನು ತೆಗೆದರೆ, ಆ ಹಕ್ಕಿಯಿಂದ ಬರುವ ಬೆಳಕನ್ನು 600 ಎಂಎಂ ಶೇ. 14ರಷ್ಟು ಹೆಚ್ಚೇ ಹಿಡಿಯುತ್ತದೆ. 500ರ ಚಿತ್ರವನ್ನು 600ರ ಚೌಕಟ್ಟಿಗೆ ಕ್ರಾಪ್ ಮಾಡಿದರೆ 24 ಮೆಗಾಪಿಕ್ಸೆಲ್ ಹೋಗಿ ಸುಮಾರು 16.7 ಉಳಿಯುತ್ತದೆ, ಎಫ್ 5.6ರಿಂದಾಗಿ ಐಎಸ್‌ಒದಲ್ಲಿ (ಸೆನ್ಸರಿನ ಬೆಳಕಿನ ಸಂವೇದನೆಯ ಅಂಕಿ) ಗಳಿಸಿದ ಮೂರನೇ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡರಷ್ಟು ಬೆಳಕು) ಅಲ್ಲಿಗೇ ಕರಗಿಹೋಗುತ್ತದೆ. ಕ್ರಾಪ್ ಮಾಡುವ ಅಭ್ಯಾಸ ಇರುವವರಿಗೆ ಹೊಸದು ಕತ್ತಲೆಯಲ್ಲ. ಪ್ರಾಣಿ ಹತ್ತಿರ ಇದ್ದು 500ರಲ್ಲೇ ಚೌಕಟ್ಟು ತುಂಬಿದಾಗ ಮಾತ್ರ ಹಳೆಯದಕ್ಕೆ ನಿಜವಾದ ಲಾಭ: ಅದು ಐಎಸ್‌ಒ 3200ರಲ್ಲಿ ಮಾಡುವ ಕೆಲಸಕ್ಕೆ ಹೊಸದಕ್ಕೆ 4000 ಬೇಕು.

ದರೋಜಿ ಕರಡಿಧಾಮದಲ್ಲಿ ಇದು ನೇರವಾಗಿ ಅನ್ವಯಿಸುತ್ತದೆ. ಅಲ್ಲಿ ಕರಡಿಗಳನ್ನು ನೋಡುವುದು ವಾಚ್ ಟವರಿನಿಂದ, ಬಿಸಿಲು ಇಳಿಯುವ ಹೊತ್ತಿಗೆ. ಹತ್ತಿರ ಹೋಗುವಂತಿಲ್ಲ, ಹೋಗಲೂಬಾರದು. ಹಾಗಾಗಿ 600 ಎಂಎಂ ಇದ್ದಷ್ಟೂ ಒಳ್ಳೆಯದು. ಫೋಕಸ್ ಪಾಯಿಂಟನ್ನು ಕರಡಿಯ ಬೆನ್ನಿನ ಮೇಲೆ ಇಡಬೇಡಿ. ಕಪ್ಪು ಕೂದಲಿನ ರಾಶಿಯಲ್ಲಿ ಹಿಡಿದುಕೊಳ್ಳಲು ಕಾಂಟ್ರಾಸ್ಟ್ ಇರುವುದಿಲ್ಲ, ಅಡಾಪ್ಟರ್ ಮೇಲಿನ ಹಳೆಯ ಲೆನ್ಸ್ ಅಲ್ಲಿ ಹಿಂದೆ ಮುಂದೆ ತಡಕಾಡುತ್ತದೆ. ಬೂದುಬಿಳುಪಿನ ಮೂತಿ, ಇಲ್ಲವೇ ಎದೆಯ ಬಿಳಿ ವಿ ಗುರುತಿನ ಅಂಚು ಹಿಡಿಯಿರಿ. ಕಪ್ಪು ಮೈ ಚೌಕಟ್ಟು ತುಂಬಿದಾಗ ಮೀಟರ್ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ, ಎಕ್ಸ್‌ಪೋಶರ್ ತಿದ್ದುಪಡಿಯನ್ನು ಮೈನಸ್ 0.7ರಿಂದ ಮೈನಸ್ 1ರವರೆಗೆ ಇಳಿಸಿದರೆ ಬಂಡೆಯೂ ಉಳಿಯುತ್ತದೆ, ಶಟರ್ ವೇಗವೂ ಸಿಗುತ್ತದೆ.

ಫೋಕಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 200-500ರಲ್ಲಿ ಇರುವುದು ಸೈಲೆಂಟ್ ವೇವ್ ಮೋಟರ್. ಡಿಎಸ್‌ಎಲ್‌ಆರ್ ಒಂದೇ ಸಲ ಅಳೆದು ಇಷ್ಟು ದೂರ ಹೋಗು ಎನ್ನುವ ಪದ್ಧತಿಗೆ ಹೊಂದುವ ಮೋಟರ್ ಅದು. ಮಿರರ್‌ಲೆಸ್ ಬಾಡಿ ಕೇಳುವುದು ಎಡೆಬಿಡದ ಸಣ್ಣ ಸಣ್ಣ ಹೆಜ್ಜೆ. 180-600ರ ಸ್ಟೆಪಿಂಗ್ ಮೋಟರ್ ಅದಕ್ಕೆಂದೇ ಇರುವುದು. ಫೋಕಸ್ ಒಮ್ಮೆ ಹಿಡಿದ ಮೇಲೆ ಹಿಂಬಾಲಿಸುವುದರಲ್ಲಿ ಹಳೆಯದು ಅಷ್ಟೇನೂ ಹಿಂದಿಲ್ಲ. ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳಂಥ ದೊಡ್ಡ ಹಕ್ಕಿ ನೆಟ್ಟಗೆ ಹಾರುವಾಗ ಎರಡರಲ್ಲೂ ಸಾಲು ಸಾಲು ಚಿತ್ರ ಸರಿ ಬರುತ್ತವೆ. ಕೈಕೊಡುವುದು ಮೊದಲ ಹಿಡಿತದಲ್ಲಿ. ಹತ್ತಿರದ ಪೊದೆಯ ಮೇಲೆ ಫೋಕಸ್ ಇದ್ದು, ದೂರದಲ್ಲಿ ಗೌಜಲಕ್ಕಿ ಭರ್ರನೆ ಎದ್ದರೆ ಹಳೆಯದು ಅಲ್ಲಿಗೆ ಹೋಗಿ ಸೇರುವಷ್ಟರಲ್ಲಿ ಹಕ್ಕಿ ದಾಟಿರುತ್ತದೆ. ಕಳ್ಳಿಪೀರ, ರೀವಗಳ ಹಾರಾಟದಲ್ಲೂ ಹಾಗೆಯೇ.

ಹಳೆಯದನ್ನೇ ಇಟ್ಟುಕೊಳ್ಳುವವರು ಇಷ್ಟು ಮಾಡಿ. ಫೋಕಸ್ ಮಿತಿಯ ಸ್ವಿಚ್ಚನ್ನು 6 ಮೀಟರಿನಿಂದ ಅನಂತದ ಕಡೆಗೆ ಇಡಿ. ಸಿಂಗಲ್ ಫೋಕಸ್ ಮೋಡ್ ಬಿಟ್ಟು ಕಂಟಿನ್ಯೂಯಸ್ ಬಳಸಿ. ಸಿಂಗಲ್‌ನಲ್ಲಿ ಬಾಡಿ ಕೊನೆಯಲ್ಲಿ ಒಂದು ಸೂಕ್ಷ್ಮ ತಿದ್ದುಪಡಿ ಮಾಡಲು ಹೋಗುತ್ತದೆ, ಈ ಮೋಟರಿಗೆ ಅದು ತಡ. ಹಕ್ಕಿ ಏಳಬಹುದಾದ ದೂರದ ಯಾವುದೋ ಕಲ್ಲಿಗೋ ಜಾಲಿಗಿಡಕ್ಕೋ ಮೊದಲೇ ಫೋಕಸ್ ಮಾಡಿಟ್ಟು ಕಾಯಿರಿ. ತಪ್ಪಿದಾಗ ಬಟನ್ ಒತ್ತಿಹಿಡಿದು ಕೂರಬೇಡಿ, ಬಿಟ್ಟು ಮತ್ತೆ ಒತ್ತಿ. ಡಿಎಸ್‌ಎಲ್‌ಆರ್‌ನಲ್ಲಿ ಇದೇ ಲೆನ್ಸಿಗೆ ಮಾಡಿದ್ದ ಫೈನ್ ಟ್ಯೂನ್ (ಫೋಕಸ್ ತುಸು ಹಿಂದೆ ಮುಂದೆ ಬೀಳುವುದನ್ನು ಸರಿಪಡಿಸುವ) ಅಂಕಿಯನ್ನು ಝಡ್‌ಗೆ ನಕಲು ಮಾಡಬೇಡಿ. ಇಲ್ಲಿ ಫೋಕಸ್ ಅಳೆಯುವುದು ಸೆನ್ಸರೇ, ಆ ದೋಷ ಇಲ್ಲಿಗೆ ಬರುವುದಿಲ್ಲ. ಹಳೆಯ ಲೆನ್ಸಿಗೆ ಎಫ್‌ಟಿಝಡ್‌ನಿಂದ ಸಿಕ್ಕ ದೊಡ್ಡ ಉಪಕಾರ ಅದೇ.

ಇನ್ನು ಶಾರ್ಪ್‌ನೆಸ್. ಎರಡನ್ನೂ 500ಕ್ಕೆ ಇಟ್ಟು ಹೋಲಿಸಿದರೆ, ಎರಡೂ ಒಳ್ಳೆಯ ಪ್ರತಿಗಳಾಗಿದ್ದರೆ, ನಡುಭಾಗದಲ್ಲಿ ಹಕ್ಕಿಯ ಗರಿಯನ್ನು ನೋಡಿ ಯಾವುದು ಯಾವ ಲೆನ್ಸಿನದು ಎಂದು ಹೇಳುವುದು ಕಷ್ಟ. ಮನೆಯಲ್ಲೇ ಪರೀಕ್ಷೆ ಮಾಡುವುದಾದರೆ ಸೂರ್ಯ ಹುಟ್ಟಿದ ಮೊದಲ ಗಂಟೆಯೊಳಗೆ ಮಾಡಿ. ಗೋಡೆಗೆ ದಿನಪತ್ರಿಕೆಯ ಹಾಳೆಗಳನ್ನು ನಡುವಿಗೂ ನಾಲ್ಕು ಮೂಲೆಗೂ ಅಂಟಿಸಿ, 15-20 ಮೀಟರ್ ದೂರದಲ್ಲಿ ಟ್ರೈಪಾಡ್ ನಿಲ್ಲಿಸಿ, ವಿಆರ್ (ಕೈನಡುಕದ ಮಸುಕು ತಡೆಯುವ ವ್ಯವಸ್ಥೆ) ಆಫ್ ಮಾಡಿ, ಎರಡು ಸೆಕೆಂಡ್ ಟೈಮರ್ ಹಾಕಿ. ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಒಂದು ಸರಣಿ, ಎಫ್ 8ರಲ್ಲಿ ಒಂದು. ಒಂದು ಮೂಲೆ ಮಾತ್ರ ಮಸುಕಾಗಿ ಉಳಿದ ಮೂರು ಚೆನ್ನಾಗಿದ್ದರೆ ಒಳಗಿನ ಗಾಜು ಜರುಗಿದೆ ಎಂಬ ಅನುಮಾನ ಬರಬೇಕು. ಕ್ಯಾಮೆರಾ ಗೋಡೆಗೆ ನೇರವಾಗಿದೆಯೇ ಎಂದು ನೋಡಿ ಮತ್ತೊಮ್ಮೆ ತೆಗೆಯಿರಿ.

ಮೊದಲ ಗಂಟೆ ಎಂದು ಒತ್ತಿ ಹೇಳಲು ಕಾರಣ ಇದೆ. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರಿನಲ್ಲಿ ಪಾರಾ 40 ದಾಟುವುದು ಮಾಮೂಲು. ಹೊತ್ತೇರಿದಂತೆ ಬಂಡೆ, ಎರೆನೆಲ, ಡಾಂಬರು ಕಾದು ಗಾಳಿ ಕುಣಿಯತೊಡಗುತ್ತದೆ. ಆ ಝಳದ ಮೂಲಕ 60-70 ಮೀಟರ್ ದೂರದ ಹಕ್ಕಿಯನ್ನು ತೆಗೆದರೆ ಎಷ್ಟು ಲಕ್ಷದ ಲೆನ್ಸ್ ಆದರೂ ಗರಿ ಮೇಣದಂತೆ ಕರಗಿ ಕಾಣುತ್ತದೆ. ಲೆನ್ಸ್ ಮೃದುವಾಗಿದೆ ಎಂದು ದೂರುವ ಮೊದಲು ಟ್ರೈಪಾಡ್ ಮೇಲಿಟ್ಟು, ಫೋಕಸನ್ನು ಮ್ಯಾನ್ಯುಯಲ್‌ಗೆ ಹಾಕಿ, ಅಲುಗಾಡದ ವಸ್ತುವಿನ ಹತ್ತು ಚಿತ್ರ ಒಂದರ ಹಿಂದೆ ಒಂದು ತೆಗೆಯಿರಿ. ಹತ್ತೂ ಒಂದೇ ಥರ ಮಸುಕಾಗಿದ್ದರೆ ಲೆನ್ಸ್ ಅಥವಾ ಫೋಕಸ್ ದೋಷ. ಒಂದು ಚೂಪು, ಒಂದು ಮಸುಕು, ಒಂದರಲ್ಲಿ ಅಂಚು ಸೊಟ್ಟ ಎಂದಿದ್ದರೆ ಅದು ಗಾಳಿ. 600 ಎಂಎಂಗೆ ಹೋದರೆ ಝಳವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಮರೆಯಬೇಡಿ. ಕಾರಿನ ಎಸಿಯಿಂದ ಲೆನ್ಸನ್ನು ಸೀದಾ ಬಿಸಿಲಿಗೆ ತಂದಾಗ ಹುಡ್ ಒಳಗೇ ತಂಪು ಗಾಳಿ, ಬಿಸಿ ಗಾಳಿ ಬೆರೆತು ಇದೇ ದೋಷ ಬರುತ್ತದೆ. ಸ್ಥಳ ತಲುಪುವ ಅರ್ಧ ಗಂಟೆ ಮೊದಲೇ ಎಸಿ ಆರಿಸಿ ಕಿಟಕಿ ಇಳಿಸಿ. ಕಾರಿನಿಂದಲೇ ತೆಗೆಯುವುದಾದರೆ ಕಾದ ಬಾನೆಟ್ ಮೇಲಿನಿಂದ ತೆಗೆಯಬೇಡಿ, ಪಕ್ಕದ ಕಿಟಕಿಯಿಂದ ತೆಗೆಯಿರಿ.

ಧೂಳು ನಮ್ಮ ಕಡೆಯ ದೊಡ್ಡ ಲೆಕ್ಕ. ಸಂಡೂರಿನ ಅದಿರಿನ ಕೆಂಪು ಧೂಳು, ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಕೊಯ್ಲಿನ ಹೊಟ್ಟು, ಎರೆಹೊಲದ ಪುಡಿ. 200-500ರ ನಳಿಗೆ ಹೊರಗೆ ಬಂದು ಒಳಗೆ ಹೋದಾಗಲೆಲ್ಲ ಗಾಳಿ ಎಳೆದುಕೊಳ್ಳುತ್ತದೆ, ನಳಿಗೆಯ ಮೇಲೆ ಕೂತ ಧೂಳೂ ಒಳಗೆ ಸರಿಯುತ್ತದೆ. ಕೆಲಸ ಮುಗಿದ ಮೇಲೆ ಸುಮ್ಮನೆ 200ಕ್ಕೆ ತಂದು ಬ್ಯಾಗಿಗೆ ಹಾಕುವುದೇ ಹೆಚ್ಚು ಹಾನಿ. ಮೊದಲು 500ಕ್ಕೆ ಪೂರ್ತಿ ಚಾಚಿ, ಮೂತಿ ಕೆಳಗೆ ಮಾಡಿ, ಬ್ಲೋವರ್‌ನಿಂದ ಊದಿ, ಮೆತ್ತನೆಯ ಬ್ರಷ್‌ನಿಂದ ಸುತ್ತಲೂ ಗುಡಿಸಿ, ಆಮೇಲೆ 200ಕ್ಕೆ ತಂದು ಲಾಕ್ ಸ್ವಿಚ್ ಹಾಕಿ. ಮುಂದಿನ ಗಾಜನ್ನು ಊದದೆ ಒರೆಸಲೇಬೇಡಿ. ಅದಿರಿನ ಕಣ ಗಟ್ಟಿ, ಬಟ್ಟೆಯಡಿ ಸಿಕ್ಕರೆ ಲೇಪನಕ್ಕೆ ಗೀರು ಬೀಳುತ್ತದೆ. 180-600ಕ್ಕೆ ನಳಿಗೆಯ ಈ ಚಾಕರಿ ಬೇಕಿಲ್ಲ. ಗಣಿ ರಸ್ತೆಗಳಲ್ಲಿ ವಾರವಾರ ಓಡಾಡುವವರು ಇದೊಂದೇ ಕಾರಣಕ್ಕೆ ಬದಲಿಸಿದರೂ ನಾನು ತಪ್ಪೆನ್ನುವುದಿಲ್ಲ.

ಅಡಾಪ್ಟರ್ ಇದ್ದಲ್ಲಿ ಒಂದರ ಬದಲು ಎರಡು ಜೋಡಣೆ, ಎರಡು ಸಾಲು ಪಿನ್ನು. ಪರದೆಯಲ್ಲಿ ಅಪರ್ಚರ್ ಬದಲು ಎಫ್ ಮುಂದೆ ಎರಡು ಗೀಟು ಬಂದರೆ ಗಾಬರಿ ಬೇಡ. ಕ್ಯಾಮೆರಾ ಆಫ್ ಮಾಡಿ, ಎರಡೂ ಜೋಡಣೆ ಬಿಚ್ಚಿ, ಪಿನ್ನುಗಳನ್ನು ಒಣ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ, ಕ್ಲಿಕ್ ಸದ್ದು ಬರುವವರೆಗೆ ತಿರುಗಿಸಿ ಹಾಕಿ. ತಿರುಗುವ ದಿಕ್ಕಿನಲ್ಲಿ ಕೂದಲೆಳೆಯಷ್ಟು ಆಟ ಇರುವುದು ಸಹಜ. ಮೇಲೆ ಕೆಳಗೆ ಅಲುಗಾಡಿದರೆ ಸ್ಕ್ರೂ ಸಡಿಲವಾಗಿದೆ, ತೋರಿಸಬೇಕು. ಬಾಡಿ ಹಿಡಿದು ಲೆನ್ಸ್ ನೇತಾಡಿಸಬೇಡಿ, ಪಟ್ಟಿಯನ್ನು ಕಾಲರಿನ ಕೆಳಗಿರುವ ಲೆನ್ಸಿನ ಕಾಲಿಗೇ ಕಟ್ಟಿ. ಮೊದಲ ಎಫ್‌ಟಿಝಡ್‌ನ ಕೆಳಗಿರುವ ಟ್ರೈಪಾಡ್ ತೂತು ಇಂಥ ಭಾರದ ಲೆನ್ಸಿಗಲ್ಲ. ಎರಡು ಲೆನ್ಸಿನ ಕಾಲಿಗೂ ಆರ್ಕಾ ಪ್ಲೇಟ್ (ಟ್ರೈಪಾಡ್ ತಲೆಗೆ ಜಾರಿಸಿ ಕೂರಿಸುವ ತಟ್ಟೆ) ಬೇರೆ ಹಾಕಬೇಕು. ಟೆಲಿಕನ್ವರ್ಟರ್ (ಲೆನ್ಸಿನ ಎಂಎಂ ಹೆಚ್ಚಿಸುವ, ನಡುವೆ ಹಾಕುವ ಗಾಜು) ಇದ್ದರೆ, ಝಡ್ ಕನ್ವರ್ಟರ್ ಎಫ್‌ಟಿಝಡ್ ಜೊತೆ ಕೂರುವುದಿಲ್ಲ. ಹಳೆಯದಕ್ಕೆ ಟಿಸಿ-14ಇ 3 ಬೇಕು, ಎಫ್ 8 ಆಗುತ್ತದೆ, ಸಂಜೆಗೆ ಉಪಯೋಗವಿಲ್ಲ.

ಸೆಕೆಂಡ್ ಹ್ಯಾಂಡ್ 200-500 ಹೊಸ ಝಡ್ ಲೆನ್ಸಿನ ಅರ್ಧಕ್ಕಿಂತ ಕಡಿಮೆಗೂ ಸಿಗುತ್ತದೆ. ಕೊಳ್ಳುವಾಗ ಹಿಂದಿನ ಮುಚ್ಚಳ ತೆಗೆದು, ಮುಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ. ನಾಲ್ಕು ಧೂಳಿನ ಚುಕ್ಕೆ ಚಿತ್ರದಲ್ಲಿ ಕಾಣುವುದಿಲ್ಲ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಬಿಟ್ಟುಬಿಡಿ. ನಮ್ಮ ಒಣಹವೆಯಲ್ಲಿ ಫಂಗಸ್ ಕಮ್ಮಿ, ಕರಾವಳಿ, ಮಲೆನಾಡಿನಿಂದ ಬಂದ ಲೆನ್ಸಿನಲ್ಲಿ ಹುಷಾರು. ಹತ್ತಿರದಿಂದ ದೂರಕ್ಕೆ ಇಪ್ಪತ್ತು ಸಲ ಫೋಕಸ್ ಓಡಿಸಿ. ಕೀರಲು ಸದ್ದು ಬಂದರೆ ಮೋಟರ್ ಸಾಯುವ ಹಾದಿಯಲ್ಲಿದೆ.

ಡಿಎಸ್‌ಎಲ್‌ಆರ್ ಇನ್ನೂ ಕೈಯಲ್ಲಿದ್ದರೆ 200-500 ಮಾರಬೇಡಿ, ಎರಡಕ್ಕೂ ಬರುತ್ತದೆ. ಝಡ್ ಒಂದೇ ಇದ್ದು, ಅದು ಮೊದಲ ಝಡ್ 6 ಅಥವಾ ಝಡ್ 50 ಆಗಿದ್ದರೆ, ಮೊದಲು ಬದಲಿಸಬೇಕಾದ್ದು ಬಾಡಿ. ಝಡ್ 6ರ ಪ್ರಾಣಿ ಪತ್ತೆ ನಾಯಿ, ಬೆಕ್ಕಿಗೆಂದು ಮಾಡಿದ್ದು. ಝಡ್ 50ರ ಎರಡನೇ ಆವೃತ್ತಿ ಝಡ್ 50 2, ಝಡ್ 8ರಲ್ಲಿ ಹಕ್ಕಿಗೇ ಬೇರೆ ಆಯ್ಕೆ ಇದೆ, ಅದು ಎಫ್‌ಟಿಝಡ್ ಮೇಲಿನ ಹಳೆಯ ಲೆನ್ಸಿನಲ್ಲೂ ಕೆಲಸ ಮಾಡುತ್ತದೆ. ಝಡ್ 50 2 ಬಾಡಿ 180-600ಕ್ಕಿಂತ ಬಹಳ ಕಡಿಮೆ ಹಣಕ್ಕೆ ಬರುತ್ತದೆ, ಸಣ್ಣ ಸೆನ್ಸರ್ ಆದ್ದರಿಂದ 500 ಎಂಎಂ ನೋಟ 750ರಷ್ಟಾಗುತ್ತದೆ. ಬಾಡಿಯೊಳಗೆ ಸ್ಟೆಬಿಲೈಸೇಶನ್ ಇಲ್ಲ, ಲೆನ್ಸಿನ ವಿಆರ್ ಆನ್ ಇಟ್ಟುಕೊಳ್ಳಿ. ಹಾರುವ ಹಕ್ಕಿಗೆ ವಿಆರ್‌ನ ಸ್ಪೋರ್ಟ್ ಮೋಡ್. ಆ ಬಾಡಿಯಲ್ಲಿ ಒಂದು ಚಳಿಗಾಲ ಹಳೆಯ ಲೆನ್ಸ್ ನಡೆಸಿ, ಹಾರಾಟದ ಚಿತ್ರಗಳಲ್ಲಿ ತಪ್ಪಿದವೆಲ್ಲ ಮೊದಲ ಹಿಡಿತದಲ್ಲೇ ತಪ್ಪಿವೆಯೇ ನೋಡಿ. ಹೌದಾದರೆ 180-600 ತೆಗೆದುಕೊಳ್ಳಿ, ಎಫ್‌ಟಿಝಡ್ ಜೊತೆಗೇ ಹಳೆಯದನ್ನು ಮಾರಿ. ಜೋಡಿಯಾಗಿ ಕೊಟ್ಟರೆ ಝಡ್ ಬಾಡಿ ಇರುವವರು ಬೇಗ ಕೊಳ್ಳುತ್ತಾರೆ.