ಉಂಗುರ ಬಿಗಿಯಾಯಿತೆಂದು ತಂದಾಗ

ಹರಳಿನ ಕೌಂಟರಿಗೆ ಬಂದು ಆಗ ನನಗೆ ಎರಡನೇ ವರ್ಷ. ಶನಿದೆಸೆಗೆಂದು ನಮ್ಮಲ್ಲೇ ನೀಲ ಕೊಂಡಿದ್ದ ಯಜಮಾನರೊಬ್ಬರು ಉಂಗುರ ಬಿಗಿಯಾಗಿದೆ, ದೊಡ್ಡದು ಮಾಡಿಕೊಡಿ ಎಂದು ತಂದರು. ನೀಲ ಬೆಂಕಿಗೆ ಹೆದರುವ ಕಲ್ಲಲ್ಲ ಎಂಬ ಪುಸ್ತಕದ ಧೈರ್ಯದಲ್ಲಿ ಹರಳು ಬಿಚ್ಚಿಸದೆ ಅಕ್ಕಸಾಲಿಗೆ ಕೊಟ್ಟೆ. ಬೆಸುಗೆ ಮುಗಿಸಿ ಆಮ್ಲದಲ್ಲಿ ಅದ್ದಿ ತೆಗೆದರೆ ಹರಳಿನ ಮೈತುಂಬ ಜೇಡರ ಬಲೆಯಂಥ ಬಿಳಿ ಗೆರೆಗಳು.

"ಗಾಜು ತುಂಬಿದ ಕಲ್ಲು ಸ್ವಾಮಿ, ನೋಡದೆ ಕೊಟ್ಟಿರಲ್ಲ" ಎಂದರು ಅಕ್ಕಸಾಲಿ.

ಆ ಹರಳನ್ನು ಆರಿಸಿದವನೂ ನಾನೇ. ವ್ಯಾಪಾರಿ "ಕಾಯಿಸಿದ ಕಲ್ಲು" ಎಂದಿದ್ದ. ನವಿಲಿನ ಕತ್ತಿನ ಬಣ್ಣಕ್ಕೆ ಮರುಳಾಗಿ ಮುಂದೆ ಕೇಳಲಿಲ್ಲ. ಕಾಯಿಸುವುದರಲ್ಲಿ ತಪ್ಪಿಲ್ಲ, ಮಾರುಕಟ್ಟೆಯ ಬಹುಪಾಲು ನೀಲ ಕಾಯಿಸಿದ್ದೇ. ಶ್ರೀಲಂಕೆಯ ಹಾಲುಬಣ್ಣದ ಕಲ್ಲು ಕುಲುಮೆಯ ಕಾವಿಗೆ ನೀಲಿಯಾಗುತ್ತದೆ, ಆ ಬಣ್ಣ ಮತ್ತೆ ಹೋಗುವುದಿಲ್ಲ. ತುಂಬುವುದೇ ಬೇರೆ: ಬಿರುಕು ಬಿಟ್ಟ ಅಗ್ಗದ ಕಲ್ಲಿನೊಳಗೆ ಕೋಬಾಲ್ಟ್ ಬೆರೆತ ಸೀಸದ ಗಾಜನ್ನು ಇಳಿಸುತ್ತಾರೆ. ಕಲ್ಲು ನೀಲದ ಖನಿಜವಾದ ಕೊರಂಡಮ್ಮೇ ಆದ್ದರಿಂದ ಗಡಸುತನ ನೋಡಿದರೆ ಏನೂ ಗೊತ್ತಾಗದು. ಹತ್ತು ಪಟ್ಟು ದೊಡ್ಡದು ತೋರಿಸುವ ಲೂಪ್ ಹಿಡಿದರೆ ಬಿರುಕಿನ ಉದ್ದಕ್ಕೂ ನೀಲಿ ಮಡುಗಟ್ಟಿರುವುದು, ಗುಳ್ಳೆಗಳು ಕಾಣುತ್ತವೆ. ಇಂಥ ಕಲ್ಲಿಗೆ ನಿಂಬೆರಸವೂ ಆಗದು.

ಈಗ ಬಣ್ಣ ನೋಡುವ ಮೊದಲು "ಏನೇನು ಮಾಡಿದ್ದೀರಿ?" ಎಂದು ಕೇಳಿ, ಉತ್ತರವನ್ನು ಬಿಲ್ಲಿನಲ್ಲಿ ಬರೆಸುತ್ತೇನೆ. ದೊಡ್ಡ ಕಲ್ಲಾದರೆ ಪ್ರಯೋಗಾಲಯದ ವರದಿಯೂ ಬೇಕು. ಅಂಗಡಿಯ ದೀಪದಿಂದ ಕಿಟಕಿಯ ಬಳಿಗೆ ಒಯ್ದು, ಬಿಳಿ ಕಾಗದದ ಮೇಲೆ ಬೋರಲು ಹಾಕಿ ನೋಡುತ್ತೇನೆ. ಲಂಕೆಯ ಎಷ್ಟೋ ನೀಲಗಳಲ್ಲಿ ಬಣ್ಣವೆಲ್ಲ ಕೆಳತುದಿಯಲ್ಲೇ ಕೂತಿರುತ್ತದೆ. ಮೇಲಿನಿಂದ ಕಡುನೀಲಿ, ಪಕ್ಕದಿಂದ ನೀರಿನಂತೆ ಬಣ್ಣವಿಲ್ಲ. ಹರಳಿನ ಕೆಳಭಾಗ, ಅಂದರೆ ಹೊಟ್ಟೆ, ದಪ್ಪವಿದ್ದರೆ ಕಾಣದ ಭಾಗಕ್ಕೂ ದುಡ್ಡು ತೆತ್ತಂತೆ. ತೂಕ ಹೇಳುವಾಗ ಕ್ಯಾರೆಟ್ಟೋ ರತ್ತಿಯೋ ಎಂಬುದನ್ನೂ ಕೇಳಬೇಕು. ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಹರಳಿನ ವ್ಯಾಪಾರದ ರತ್ತಿ ಸುಮಾರು 182. ಐದು ರತ್ತಿಯನ್ನು ಐದು ಕ್ಯಾರೆಟ್ಟಿನ ದರಕ್ಕೆ ಕೊಂಡವರನ್ನು ಕಂಡಿದ್ದೇನೆ.

ಯಜಮಾನರು ಕೂಗಾಡಲಿಲ್ಲ. "ಕಲ್ಲು ಒಡೆದರೆ ಪೀಡೆ ಅದರ ಜೊತೆ ಹೋಯಿತು ಅನ್ನುತ್ತಾರೆ" ಎಂದರು. ಹಣ ಹಿಂದಿರುಗಿಸಿದೆವು. ಅದೇ ಹಣಕ್ಕೆ ವರದಿಯಿರುವ, ಕಾಯಿಸಿದ, ಗಾತ್ರದಲ್ಲಿ ಮೊದಲಿನದರ ಅರ್ಧದಷ್ಟೂ ಇಲ್ಲದ ನೀಲ ಆರಿಸಿ, ಮೂರು ರಾತ್ರಿ ದಿಂಬಿನ ಕೆಳಗಿಟ್ಟು ನೋಡುತ್ತೇನೆಂದು ಒಯ್ದರು. ನಾಲ್ಕನೇ ದಿನ ಬಂದು ಬೆರಳಿನ ಅಳತೆ ಕೊಟ್ಟರು. ಈ ಸಲ ಸ್ವಲ್ಪ ಸಡಿಲವೇ ಇರಲಿ ಎಂದರು.